ಎಣಿಕೆ ತಪ್ಪಿದ್ದು ಎರಡು ಸಲ: ರಾಯಚೂರಿನ ಒಂದು ಡೇಟಾಬೇಸ್ ಸ್ಥಳಾಂತರ

ಇದು ರಾಯಚೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಪ್ರಕರಣ. ಕಂಪನಿಯ ಹೆಸರು, ಗಿರಾಕಿಗಳ ಹೆಸರು, ನಡೆದ ವರ್ಷ ಯಾವುದನ್ನೂ ಹೇಳಿಲ್ಲ. ಕಲೆಕ್ಷನ್‌ಗಳ (ಡೇಟಾಬೇಸ್‌ನಲ್ಲಿ ಒಂದೇ ಥರದ ದಾಖಲೆಗಳನ್ನು ಒಟ್ಟಿಗೆ ಇಡುವ ಜಾಗ) ಹೆಸರನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಮಾಂಗೋಡಿಬಿ ಅನ್ನುವ ಡೇಟಾಬೇಸನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಒಯ್ಯುವ ಕೆಲಸ ಎದುರಿಗಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಹಿನ್ನೆಲೆ

ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳಿಗೆ, ಸುತ್ತಲಿನ ಕೆಲವು ಜಿನ್ನಿಂಗ್ ಮಿಲ್‌ಗಳಿಗೆ ಈ ಕಂಪನಿ ಲೆಕ್ಕದ ಸಾಫ್ಟ್‌ವೇರ್ ಕೊಡುತ್ತದೆ. ರೈತರು ಹತ್ತಿ, ತೊಗರಿ, ಭತ್ತ ತಂದಾಗ ಆವಕ ಬರೆಯಬೇಕು. ತೂಕ ಮತ್ತು ದರ ಹಾಕಿ, ಹಮಾಲಿ, ಮುಂಗಡ ಕಳೆದು ತಕ್‌ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಮುದ್ರಿಸಬೇಕು. ಕೊನೆಗೆ ರೈತರ ಮೊಬೈಲಿಗೆ ದರ ಮತ್ತು ಮೊತ್ತದ ಎಸ್‌ಎಂಎಸ್ ಹೋಗಬೇಕು. ಇದೆಲ್ಲ ಒಂದೇ ಡೇಟಾಬೇಸ್‌ನಲ್ಲಿ ಕೂರುತ್ತಿತ್ತು. ಪಟ್ಟಿಗಳಿಗೆ ಪ್ರತಿ ಹಂಗಾಮಿಗೂ ಒಂದೊಂದು ಕಲೆಕ್ಷನ್, ರೈತರಿಗೆ ಒಂದು, ಮುಂಗಡಕ್ಕೆ ಒಂದು, ಕಳಿಸಿದ ಸಂದೇಶಗಳಿಗೆ ಒಂದು, ಹೀಗೆ.

ಡೇಟಾಬೇಸ್ ಇದ್ದದ್ದು ಆಫೀಸಿನ ಹಿಂದಿನ ಕೋಣೆಯ ಒಂದು ಟವರ್ ಕಂಪ್ಯೂಟರ್‌ನಲ್ಲಿ. ರಾಯಚೂರಿನ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟಿದ ಮೇಲೆ ಆ ಕೋಣೆಯಲ್ಲಿ ಮನುಷ್ಯರೇ ನಿಲ್ಲುತ್ತಿರಲಿಲ್ಲ. ಕರೆಂಟು ಹೋದರೆ ಯುಪಿಎಸ್ ಸ್ವಲ್ಪ ಹೊತ್ತು ತಡೆಯುತ್ತಿತ್ತು. ಆಮೇಲೆ ಮಷೀನು ಧಪ್ಪನೆ ಆರುತ್ತಿತ್ತು. ಹೀಗೆ ಆರಿದ್ದು ಎಷ್ಟು ಸಲವೋ ಯಾರೂ ಲೆಕ್ಕ ಇಟ್ಟಿರಲಿಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ.

ಹಾರ್ಡ್ ಡಿಸ್ಕ್ ಎಚ್ಚರಿಕೆ ಕೊಡಲು ಶುರು ಮಾಡಿದಾಗ ಮಾಲೀಕರು ತೀರ್ಮಾನ ಮಾಡಿದರು. ಹೈದರಾಬಾದಿನ ಡೇಟಾ ಸೆಂಟರ್ ಒಂದರಲ್ಲಿ ಬಾಡಿಗೆ ಸರ್ವರ್ ತಗೊಳ್ಳೋಣ, ಹತ್ತಿ ಹಂಗಾಮು ಏರುವುದರೊಳಗೆ ಎಲ್ಲ ಅಲ್ಲಿಗೆ ಹೋಗಲಿ ಅಂತ. ಯಾರ್ಡಿಗೆ ಹತ್ತಿ ದಂಡಿಯಾಗಿ ಬರತೊಡಗಿದ ಮೇಲೆ ಒಂದು ಗಂಟೆ ಸಾಫ್ಟ್‌ವೇರ್ ನಿಂತರೂ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ.

ಮೊದಲ ಪ್ರಯತ್ನ

ನನ್ನನ್ನು ಕರೆಯುವ ಹೊತ್ತಿಗೆ ಕಂಪನಿಯ ಹುಡುಗರು ಒಂದು ಸಲ ಪ್ರಯತ್ನ ಮಾಡಿ ನೋಡಿದ್ದರು. ಮಾಂಗೋಎಕ್ಸ್‌ಪೋರ್ಟ್‌ನಲ್ಲಿ ಪ್ರತಿ ಕಲೆಕ್ಷನ್ನನ್ನೂ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಮಾಡಿ, ಹೊಸ ಸರ್ವರ್‌ನಲ್ಲಿ ಮಾಂಗೋಇಂಪೋರ್ಟ್ ಮಾಡಿದ್ದರು. ಸಿಎಸ್‌ವಿ ಯಾಕೆ ಅಂದರೆ ಎಕ್ಸೆಲ್‌ನಲ್ಲಿ ತೆರೆದು ಕಣ್ಣಾರೆ ನೋಡಬಹುದು, ಅಷ್ಟೇ. ಸಾಲುಗಳ ಎಣಿಕೆ ಸರಿಯಾಗಿತ್ತು. ಆದರೆ ಒಂದು ತಿಂಗಳ ವರದಿ ತೆಗೆದರೆ ಖಾಲಿ.

ಕಾರಣ ಸರಳ. ಸಿಎಸ್‌ವಿಗೆ ಯಾವುದು ದಿನಾಂಕ, ಯಾವುದು ಅಕ್ಷರ ಅನ್ನುವುದು ಗೊತ್ತಿಲ್ಲ. ಹಳೆಯದರಲ್ಲಿ ದಿನಾಂಕ ದಿನಾಂಕವಾಗಿಯೇ ಇತ್ತು. ಹೊಸದರಲ್ಲಿ ಬರೀ ಪಠ್ಯವಾಗಿ ಬಂದು ಕೂತಿತ್ತು. ಈ ತಾರೀಖಿನಿಂದ ಆ ತಾರೀಖಿನವರೆಗೆ ಅಂತ ಕೇಳಿದರೆ ಮಾಂಗೋಡಿಬಿ ದಿನಾಂಕ ಜಾತಿಯ ಮೌಲ್ಯಗಳನ್ನು ಮಾತ್ರ ನೋಡುತ್ತದೆ, ಪಠ್ಯದ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ವರದಿ ಖಾಲಿ.

ಅದು ಕಣ್ಣಿಗೆ ಬೀಳುವ ತಪ್ಪು. ಕಣ್ಣಿಗೆ ಬೀಳದ್ದು ಬೇರೆ ಇತ್ತು. ರೈತರ ಬ್ಯಾಂಕ್ ಖಾತೆ ಸಂಖ್ಯೆ ಹಳೆಯದರಲ್ಲಿ ಪಠ್ಯವಾಗಿತ್ತು. ಕೆಲವರ ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತದೆ. ಕಾಲಮ್ಮಿನ ಜಾತಿ ಯಾವುದು ಅಂತ ಹೇಳದೇ ಇಂಪೋರ್ಟ್ ಮಾಡಿದರೆ ಮಾಂಗೋಇಂಪೋರ್ಟ್ ತಾನೇ ಊಹಿಸುತ್ತದೆ: ಅಂಕಿ ಕಂಡರೆ ಸಂಖ್ಯೆ. ಮುಂದಿನ ಸೊನ್ನೆಗಳೆಲ್ಲ ಮಾಯ. ಹಣದ ಮೊತ್ತವನ್ನು ದಶಮಾಂಶ ಕೆಡದಂತೆ ಡೆಸಿಮಲ್128 ಜಾತಿಯಲ್ಲಿ ಇಟ್ಟಿದ್ದರು. ಅದೂ ದಶಮಾಂಶವನ್ನು ಅಂದಾಜಾಗಿ ಇಡುವ ಸಾಧಾರಣ ಡಬಲ್ ಆಗಿಬಿಟ್ಟಿತ್ತು. ಬೇಗ ಹುಡುಕಲು ಕಟ್ಟಿಡುವ ಇಂಡೆಕ್ಸ್‌ಗಳಂತೂ ಒಂದೂ ಬಂದಿರಲಿಲ್ಲ.

ಮಾಲೀಕರ ಪರಿಚಯದ ಮಿಲ್ ಸಾವ್ಕಾರರೊಬ್ಬರು ಅವತ್ತು ಆಫೀಸಿನಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಎಣಿಕೆ ಸರಿ ಇದೆ ಸರ್ ಅಂತ ಹುಡುಗ ಹೇಳಿದ್ದು ಕೇಳಿ ಅವರು ಅಂದರು: "ಚೀಲ ಎಣಿಸಿದಿ. ತೂಕ ಮಾಡಿದೇನು?" ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ದಾರಿ ಆರಿಸಿದ್ದು

ಹೊಸ ಸರ್ವರ್‌ನಲ್ಲಿ ಹುಡುಗರು ಆಗಲೇ ಮಾಂಗೋಡಿಬಿ 7.0 ಹಾಕಿಟ್ಟಿದ್ದರು. ಹಳೆಯದರಲ್ಲಿದ್ದದ್ದು 4.4. ಅದನ್ನು ಮೇಲೇರಿಸಲು ಆಗಿರಲೇ ಇಲ್ಲ. 5.0ರಿಂದ ಮುಂದಿನ ಆವೃತ್ತಿಗಳಿಗೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್ ಅನ್ನುವ ಸೌಲಭ್ಯ ಬೇಕು, ಆ ಟವರ್‌ನಲ್ಲಿ ಅದು ಇರಲಿಲ್ಲ. ಹೊಸ ಮಷೀನು ಸಿಕ್ಕ ಖುಷಿಯಲ್ಲಿ ಹುಡುಗರು ಎರಡೂ ಕೆಲಸ ಒಟ್ಟಿಗೆ ಮುಗಿಸಲು ಹೊರಟಿದ್ದರು.

ನಾನು ಒಪ್ಪಲಿಲ್ಲ. ಸ್ಥಳ ಬದಲಾಗುವುದು ಒಂದು ಬದಲಾವಣೆ, ಆವೃತ್ತಿ ಬದಲಾಗುವುದು ಇನ್ನೊಂದು. ಎರಡೂ ಒಂದೇ ರಾತ್ರಿ ಆದರೆ ಬೆಳಿಗ್ಗೆ ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ. ತೆಗೆದ ನಕಲನ್ನು ಹೊಸ ಸರ್ವರ್‌ಗೆ ಇಳಿಸುವ ಮಾಂಗೋರಿಸ್ಟೋರ್ ಕೂಡ ಎರಡೂ ಕಡೆ ಒಂದೇ ದೊಡ್ಡ ಆವೃತ್ತಿ ಇರಲಿ ಅಂತಲೇ ಬಯಸುತ್ತದೆ. ಹೊಸ ಸರ್ವರ್‌ನಲ್ಲೂ ಮೊದಲು 4.4 ಹಾಕಿ, ಸಾಮಾನು ಇಳಿಸಿ, ಹಂಗಾಮು ಮುಗಿದ ಮೇಲೆ ಮೇಲೇರಿಸೋಣ ಅಂತ ಮಾತಾಯಿತು. ಹಿರಿಯ ಡೆವಲಪರ್‌ಗೆ ಇದು ಅಷ್ಟು ಇಷ್ಟವಾಗಲಿಲ್ಲ. "ಹಳೇದನ್ನ ಹೊಸ ಮನಿಗೆ ತಗೊಂಡ್ ಹೋದಂಗಾತಲ್ರೀ" ಅಂದರು. ನಿಜವೇ. ಆದರೂ ಹಾಗೇ ಮಾಡಿದೆವು.

ಎರಡನೇ ಪ್ರಶ್ನೆ, ಕೆಲಸ ನಿಲ್ಲಿಸಿ ಒಯ್ಯುವುದೋ ನಿಲ್ಲಿಸದೆ ಒಯ್ಯುವುದೋ. ನಿಲ್ಲಿಸದೆ ಒಯ್ಯಲು ಒಳ್ಳೆಯ ದಾರಿ ಇದೆ. ಹಳೆಯದನ್ನು ರೆಪ್ಲಿಕಾ ಸೆಟ್ (ಒಂದೇ ಡೇಟಾವನ್ನು ಇಟ್ಟುಕೊಳ್ಳುವ ಸರ್ವರ್‌ಗಳ ಗುಂಪು) ಮಾಡಿ, ಹೊಸದನ್ನು ಅದರ ಸದಸ್ಯನಾಗಿ ಸೇರಿಸಬೇಕು. ಅದು ತಾನೇ ಎಲ್ಲ ನಕಲು ಮಾಡಿಕೊಂಡು ಸಮಕ್ಕೆ ಬರುತ್ತದೆ. ಆಮೇಲೆ ಮುಖ್ಯ ಸ್ಥಾನವನ್ನು ಅದಕ್ಕೆ ಕೊಟ್ಟು ಹಳೆಯದನ್ನು ತೆಗೆದರಾಯಿತು. ದೊಡ್ಡ ಜಾಗದಲ್ಲಿ ನಾನು ಇದನ್ನೇ ಹೇಳುತ್ತಿದ್ದೆ. ಇಲ್ಲಿ ಎರಡು ಸರ್ವರ್‌ಗಳೂ ಒಂದನ್ನೊಂದು ಎರಡೂ ದಿಕ್ಕಿನಲ್ಲಿ ತಲುಪಬೇಕು. ಆಫೀಸಿನ ಬ್ರಾಡ್‌ಬ್ಯಾಂಡ್ ಮಧ್ಯಾಹ್ನ ಒಂದು ಥರ, ರಾತ್ರಿ ಒಂದು ಥರ. ನಕಲಿನ ನಡುವೆ ಕರೆಂಟು ಹೋಯಿತು ಅಂದರೆ ಮತ್ತೆ ಮೊದಲಿಂದ. ಮಾಂಗೋಡಿಬಿಗೆ ಸಂಪರ್ಕ ಬರುವ 27017 ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡೋಣ ಅಂತ ಒಬ್ಬ ಹುಡುಗ ಸೂಚಿಸಿದ. 2017ರ ಶುರುವಿನಲ್ಲಿ ಹೀಗೆ ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟ ಸಾವಿರಾರು ಮಾಂಗೋಡಿಬಿಗಳನ್ನು ಯಾರೋ ಅಳಿಸಿ ಹಣ ಕೇಳಿದ ಕಥೆ ಅವನಿಗೆ ಹೇಳಬೇಕಾಯಿತು. ಆ ವರ್ಷದ ಕೊನೆಯಲ್ಲಿ ಬಂದ 3.6 ಆವೃತ್ತಿಯಿಂದ ಮಾಂಗೋಡಿಬಿ ತಾನಾಗಿ ಲೋಕಲ್‌ಹೋಸ್ಟ್‌ಗೆ, ಅಂದರೆ ತಾನಿರುವ ಮಷೀನಿಗೆ ಮಾತ್ರ ಕಿವಿ ಕೊಡುವಂತೆ ಮಾಡಿದ್ದಾರೆ.

ಯಾರ್ಡಿಗೆ ಅಮಾವಾಸ್ಯೆ ರಜೆ. ಮಹಾಲಯ ಅಮಾವಾಸ್ಯೆಗೆ ಜನ ಊರಿಗೂ ಹೋಗಿರುತ್ತಾರೆ. ಅವತ್ತು ಕೆಲಸ ನಿಲ್ಲಿಸಿ, ಮಾಂಗೋಡಂಪ್‌ನಿಂದ ಪೂರ್ತಿ ನಕಲು ತೆಗೆದು ಮಾಂಗೋರಿಸ್ಟೋರ್ ಮಾಡುವುದು ಅಂತ ಆಯಿತು. ಡಂಪ್ ಮಾಂಗೋಡಿಬಿಯದೇ ಆದ ಬಿಎಸ್‌ಒಎನ್ ರೂಪದಲ್ಲಿ ಇರುವುದರಿಂದ ಜಾತಿಗಳು ಕೆಡುವುದಿಲ್ಲ. ಇಂಡೆಕ್ಸ್‌ಗಳ ವಿವರವೂ ಜೊತೆಗೆ ಬರುತ್ತದೆ.

ಕಲೆಕ್ಷನ್‌ಗಳನ್ನು ಬೇರೆ ಬೇರೆ ಮಾಡಿದ್ದು

ಎಲ್ಲವನ್ನೂ ಒಂದೇ ರಾತ್ರಿ ಎತ್ತಿದರೆ ಸಮಯ ಸಾಲದು ಅನ್ನುವುದು ತಾಲೀಮಿನಲ್ಲಿ ಗೊತ್ತಾಯಿತು. ಮಾಂಗೋಡಿಬಿಯೊಳಗೆ ಡೇಟಾ ಸಂಗ್ರಹಿಸುವ ಭಾಗವಾದ ವೈರ್ಡ್‌ಟೈಗರ್ ಡಿಸ್ಕ್‌ನಲ್ಲಿ ಡೇಟಾವನ್ನು ಒತ್ತಿ ಇಟ್ಟಿರುತ್ತದೆ. ಡಂಪ್ ಮಾಡಿದಾಗ ಅದು ಬಿಚ್ಚಿಕೊಂಡು ಊದಿತು. ಜಿಜಿಪ್‌ನಿಂದ ಮತ್ತೆ ಒತ್ತಿದ ಮೇಲೆ ಕಳಿಸುವುದು ಹಗುರಾಯಿತು. ಆದರೆ ಆ ಕಡೆ ಇಂಡೆಕ್ಸ್ ಮತ್ತೆ ಕಟ್ಟುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ತಿಂದಿತು. ಡಂಪ್‌ನಲ್ಲಿ ಇಂಡೆಕ್ಸ್‌ನ ವಿವರಣೆ ಮಾತ್ರ ಇರುತ್ತದೆ, ಕಟ್ಟಿದ ಇಂಡೆಕ್ಸ್ ಇರುವುದಿಲ್ಲ.

ಆಗ ಕಲೆಕ್ಷನ್‌ಗಳನ್ನು ಮೂರು ಗುಂಪು ಮಾಡಿದೆವು. ಹಳೆಯ ಹಂಗಾಮಿನ ಪಟ್ಟಿಗಳು ಬದಲಾಗುವುದಿಲ್ಲ, ಮುಂಚೆಯೇ ಕಳಿಸಬಹುದು. ಒಟಿಪಿ, ಲಾಗಿನ್ ಸೆಷನ್ ಥರದ್ದು ಒಯ್ಯುವುದೇ ಬೇಡ. ಉಳಿದದ್ದು ಆ ರಾತ್ರಿಗೆ. ನೋಡಲು ಚೆಂದದ ಲೆಕ್ಕ. ಕಂಪನಿಯಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಹುಡುಗಿ ಒಂದು ಪ್ರಶ್ನೆ ಕೇಳಿದಳು: "ಹಳೇ ಪಟ್ಟಿ ಬದಲಾಗಂಗಿಲ್ಲ ಅಂತ ಯಾರು ಹೇಳಿದ್ರು ಸರ್?" ಯಾರೂ ಹೇಳಿರಲಿಲ್ಲ, ಎಲ್ಲರೂ ಅಂದುಕೊಂಡಿದ್ದರು.

ಪರೀಕ್ಷಿಸಲು ಡಿಬಿಹ್ಯಾಶ್ ಬಳಸಿದೆವು. ಅದು ಪ್ರತಿ ಕಲೆಕ್ಷನ್‌ನ ಒಳಗಿರುವುದನ್ನೆಲ್ಲ ಓದಿ ಒಂದು ಗುರುತು ಕೊಡುತ್ತದೆ. ಒಂದು ಅಕ್ಷರ ಬದಲಾದರೂ, ಸಂಖ್ಯೆಯ ಜಾತಿ ಬದಲಾದರೂ ಗುರುತು ಬದಲಾಗುತ್ತದೆ. ಅದು ಓಡುವಾಗ ಬರೆಯುವ ಕೆಲಸ ತಡೆದು ನಿಲ್ಲುತ್ತದೆ, ಆದ್ದರಿಂದ ಅಂಗಡಿಗಳು ಮುಚ್ಚಿದ ಮೇಲೆ ಓಡಿಸಿದೆವು. ಕೆಲವು ದಿನ ಬಿಟ್ಟು ಮತ್ತೆ ಓಡಿಸಿದರೆ ಹಿಂದಿನ ಹಂಗಾಮಿನ ಪಟ್ಟಿಯ ಗುರುತು ಬದಲಾಗಿತ್ತು! ರೈತ ಹಳೆಯ ಮುಂಗಡ ತೀರಿಸಿದರೆ ಅಂಗಡಿಯವರು ಹಳೆಯ ಪಟ್ಟಿಯ ಮೇಲೇ "ಚುಕ್ತಾ" ಅಂತ ಗುರುತು ಹಾಕುತ್ತಿದ್ದರು. ಹಂಗಾಮು ಮುಗಿದರೂ ಸಾಲ ಮುಗಿಯುವುದಿಲ್ಲವಲ್ಲ.

ಹೊಸದಾಗಿ ಸೇರಿದ್ದನ್ನು ಮಾತ್ರ ಆಮೇಲೆ ಕಳಿಸಿದರಾಗದೇ ಅಂತ ಹಿರಿಯ ಡೆವಲಪರ್ ಕೇಳಿದರು. ಪ್ರತಿ ಡಾಕ್ಯುಮೆಂಟ್‌ಗೆ (ಕಲೆಕ್ಷನ್‌ನ ಒಂದು ದಾಖಲೆ) ಸಿಗುವ ಗುರುತು, ಆಬ್ಜೆಕ್ಟ್‌ಐಡಿಯೊಳಗೆ ಹುಟ್ಟಿದ ಸಮಯ ಇರುತ್ತದೆ, ಅದರಿಂದ ಹೊಸ ಡಾಕ್ಯುಮೆಂಟ್‌ಗಳನ್ನು ಆರಿಸಬಹುದು. ಆದರೆ ಹಳೆಯ ಡಾಕ್ಯುಮೆಂಟ್‌ನಲ್ಲಿ ಆದ ತಿದ್ದುಪಡಿ ಅದರಿಂದ ಸಿಗುವುದಿಲ್ಲ. ನಮಗೆ ಬೇಕಾದದ್ದು ಅದೇ. ಕೊನೆಗೆ ಹಿಂದಿನ ಹಂಗಾಮನ್ನು ರಾತ್ರಿಯ ಗುಂಪಿಗೆ ಎಳೆದುಕೊಂಡೆವು. ಅದಕ್ಕಿಂತ ಹಳೆಯವುಗಳ ಗುರುತು ಬದಲಾಗಿರಲಿಲ್ಲ. ಅವು ಮುಂಚೆಯೇ ಹೋದವು. ಕೊನೆಯ ರಾತ್ರಿ ಅವುಗಳ ಗುರುತನ್ನು ಮತ್ತೊಮ್ಮೆ ಹೋಲಿಸುವುದು ಅಂತ ಬರೆದಿಟ್ಟುಕೊಂಡೆವು.

ಎರಡು ತಾಳೆಯಾಗದ ಎಣಿಕೆಗಳು

ಈ ಪ್ರಕರಣವನ್ನು ಬರೆಯಬೇಕು ಅನಿಸಿದ್ದು ಈ ಭಾಗಕ್ಕಾಗಿ.

ತಾಲೀಮಿನಲ್ಲಿ ರೈತರ ಕಲೆಕ್ಷನ್ ರಿಸ್ಟೋರ್ ಆದ ಮೇಲೆ ಎಣಿಕೆ ನೋಡಿದರೆ ಹೊಸದರಲ್ಲಿ ಕಡಿಮೆ. ಗಾಬರಿಯಾಯಿತು. ಮತ್ತೆ ಡಂಪ್, ಮತ್ತೆ ರಿಸ್ಟೋರ್, ಮತ್ತೆ ಅಷ್ಟೇ ಕಡಿಮೆ. ನೆಟ್‌ವರ್ಕ್‌ನಲ್ಲಿ ಬಿದ್ದುಹೋಗುತ್ತಿದೆ ಅಂದರು ಒಬ್ಬರು. ಹಾಗೆ ಬಿದ್ದುಹೋಗುವುದಿದ್ದರೆ ಪ್ರತಿ ಸಲ ಅಷ್ಟೇ ಬೀಳುವುದಿಲ್ಲ.

ಹುಡುಗರು ಎಣಿಸುತ್ತಿದ್ದದ್ದು ಹಳೆಯ ಕೌಂಟ್ ಆದೇಶದಿಂದ. ಯಾವ ಶರತ್ತೂ ಕೊಡದೆ ಕೇಳಿದರೆ ಅದು ಡಾಕ್ಯುಮೆಂಟ್‌ಗಳನ್ನು ಒಂದೊಂದಾಗಿ ಎಣಿಸುವುದಿಲ್ಲ, ಕಲೆಕ್ಷನ್‌ನ ಪಕ್ಕದಲ್ಲಿ ಬರೆದಿಟ್ಟ ಅಂಕಿಯನ್ನು ಓದಿ ಹೇಳುತ್ತದೆ. ಮಷೀನು ಸರಿಯಾಗಿ ಮುಚ್ಚದೆ ಆರಿದರೆ ಆ ಅಂಕಿ ತಪ್ಪಾಗಬಹುದು. ಈ ಟವರ್ ಹಾಗೆ ಎಷ್ಟು ಸಲ ಆರಿತ್ತು ಅಂತ ಯಾರಿಗೆ ಗೊತ್ತು? ಕೌಂಟ್‌ಡಾಕ್ಯುಮೆಂಟ್ಸ್ ಓಡಿಸಿ ನಿಜವಾಗಿ ಎಣಿಸಿದಾಗ ಎರಡೂ ಕಡೆ ಸಮ ಬಂತು. ಕಲೆಕ್ಷನ್ನನ್ನು ಪರೀಕ್ಷಿಸುವ ವ್ಯಾಲಿಡೇಟ್ ಆದೇಶ ಓಡಿಸಿದ ಮೇಲೆ ಹಳೆಯ ಸರ್ವರ್‌ನ ಅಂಕಿಯೂ ಸರಿಹೋಯಿತು. ಡೇಟಾ ಎಲ್ಲೂ ಹೋಗಿರಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟರು.

ಸಂಜೆ ಸಂದೇಶಗಳ ಕಲೆಕ್ಷನ್‌ನಲ್ಲೂ ಹೊಸದರಲ್ಲಿ ಕಡಿಮೆ ಬಂತು. "ಇದೂ ಅದೇ ಕಥಿ ಬಿಡ್ರಿ" ಅಂತ ಹುಡುಗರು ಮುಂದಿನದಕ್ಕೆ ಹೋದರು. ಬೆಳಗಿನಿಂದ ಎಲ್ಲರೂ ಅದೇ ಉತ್ತರ ಕೇಳಿದ್ದೆವು, ಅದು ಹತ್ತಿರದಲ್ಲೇ ಇತ್ತು, ಸುಮ್ನೆ ಎತ್ತಿಕೊಂಡರು. ಟೆಸ್ಟಿಂಗ್ ಹುಡುಗಿ ಬಿಡಲಿಲ್ಲ. ಮೊದಲನೆಯದನ್ನು ಎಣಿಸಿದ ರೀತಿಯಲ್ಲೇ ಇದನ್ನೂ ಎಣಿಸಿದಳು. ನಿಜವಾಗಿಯೂ ಕಡಿಮೆ ಇತ್ತು, ಅದೂ ಬಹಳ ಕಡಿಮೆ. ಉಳಿದದ್ದೆಲ್ಲ ಈಚಿನ ಸಂದೇಶಗಳು. 90 ದಿನಕ್ಕಿಂತ ಹಳೆಯದು ಒಂದೂ ಇರಲಿಲ್ಲ.

ಆ ಕಲೆಕ್ಷನ್‌ನ ದಿನಾಂಕದ ಮೇಲೆ ಟಿಟಿಎಲ್ ಇಂಡೆಕ್ಸ್ ಇತ್ತು. ಇಂತಿಷ್ಟು ದಿನ ಕಳೆದ ಡಾಕ್ಯುಮೆಂಟ್ ಅಳಿಸು ಅಂತ ಹೇಳುವ ಇಂಡೆಕ್ಸ್ ಅದು. ಅಳಿಸುವ ಕೆಲಸ ಹಿನ್ನೆಲೆಯಲ್ಲಿ 60 ಸೆಕೆಂಡಿಗೊಮ್ಮೆ ಓಡುತ್ತದೆ. ರಿಸ್ಟೋರ್ ಮುಗಿದು ಇಂಡೆಕ್ಸ್ ಕಟ್ಟಿದ ಕೂಡಲೇ ಅದು ಬಂದು ಹಳೆಯದನ್ನೆಲ್ಲ ಗುಡಿಸಿ ಹಾಕಿತ್ತು. ಹಾಗಾದರೆ ಹಳೆಯ ಸರ್ವರ್‌ನಲ್ಲಿ ಅವೇ ಸಂದೇಶಗಳು ಇಷ್ಟು ಕಾಲ ಹೇಗೆ ಉಳಿದಿದ್ದವು?

ಹಳೆಯ ಸರ್ವರ್‌ನ ಕಾನ್ಫಿಗ್ ಫೈಲ್ (ಸೆಟ್ಟಿಂಗ್‌ಗಳ ಕಡತ) ತೆರೆದಾಗ ಉತ್ತರ ಸಿಕ್ಕಿತು. ಯಾರೋ ಟಿಟಿಎಲ್ ಮಾನಿಟರ್ ಎನೇಬಲ್ಡ್ ಅನ್ನುವುದನ್ನು ಫಾಲ್ಸ್ ಮಾಡಿ, ಅಳಿಸುವ ಆ ಕೆಲಸವನ್ನೇ ನಿಲ್ಲಿಸಿಟ್ಟಿದ್ದರು. ಮಾಲೀಕರನ್ನು ಕೇಳಿದರೆ ಆಗ ನೆನಪಾಯಿತು. ಕೆಲವು ವರ್ಷದ ಹಿಂದೆ ಒಬ್ಬ ರೈತರಿಗೂ ಅಂಗಡಿಗೂ ದರದ ವಿಷಯದಲ್ಲಿ ಜಗಳವಾಗಿತ್ತು. ಕಳಿಸಿದ ಎಸ್‌ಎಂಎಸ್‌ನಲ್ಲಿ ಯಾವ ದರ ಇತ್ತು ಅನ್ನುವುದು ಮುಖ್ಯವಾಗಿತ್ತು. ಅವತ್ತು ಇದ್ದ ಡೆವಲಪರ್ ಸಂದೇಶಗಳು ಅಳಿಯದಿರಲಿ ಅಂತ ಆ ಸಾಲು ಸೇರಿಸಿ, ಆಮೇಲೆ ಕೆಲಸ ಬಿಟ್ಟು ಹೋಗಿದ್ದರು. ಸಾಲು ಉಳಿದಿತ್ತು, ಕಾರಣ ಯಾರ ತಲೆಯಲ್ಲೂ ಇರಲಿಲ್ಲ.

ಕಲೆಕ್ಷನ್ ಒಯ್ದರೆ ಇಂಡೆಕ್ಸ್ ಜೊತೆಗೆ ಬರುತ್ತದೆ. ಆ ಇಂಡೆಕ್ಸಿನ ಕೈ ಕಟ್ಟಿಹಾಕಿದ್ದ ಸೆಟ್ಟಿಂಗ್ ಬರುವುದಿಲ್ಲ, ಯಾಕೆಂದರೆ ಅದು ಕಲೆಕ್ಷನ್‌ನಲ್ಲೂ ಇಲ್ಲ, ಡೇಟಾಬೇಸ್‌ನಲ್ಲೂ ಇಲ್ಲ. ಬಳಕೆದಾರರದ್ದೂ ಇದೇ ಥರ. ಅವರ ವಿವರ ಅಡ್ಮಿನ್ ಡೇಟಾಬೇಸ್‌ನಲ್ಲಿ ಇರುತ್ತದೆ, ಒಂದೇ ಡೇಟಾಬೇಸ್ ಡಂಪ್ ಮಾಡಿದರೆ ಅದು ಬರುವುದಿಲ್ಲ.

ಏನು ಮಾಡಬೇಕು ಅನ್ನುವುದು ನಮ್ಮ ತೀರ್ಮಾನ ಆಗಬಾರದು ಅಂತ ನಾನು ಪಟ್ಟು ಹಿಡಿದೆ. ಎಷ್ಟು ವರ್ಷ ಸಂದೇಶ ಇಟ್ಟುಕೊಳ್ಳಬೇಕು ಅನ್ನುವುದು ವ್ಯವಹಾರದ ಪ್ರಶ್ನೆ. ಮಾಲೀಕರು ಎಲ್ಲ ಇರಲಿ ಅಂದರು. ಆ ಕಲೆಕ್ಷನ್ನನ್ನು ಇಂಡೆಕ್ಸ್ ಇಲ್ಲದೆ ರಿಸ್ಟೋರ್ ಮಾಡಿ, ದಿನಾಂಕದ ಮೇಲೆ ಸಾದಾ ಇಂಡೆಕ್ಸ್ ಕಟ್ಟುವುದು ಅಂತ ಯೋಜನೆಗೆ ಸೇರಿಸಿದೆವು.

ಅಮಾವಾಸ್ಯೆಯ ದಿನ

ಅವತ್ತಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ, ತಾಲೀಮು ಚೆನ್ನಾಗಿ ಆಗಿತ್ತು. ಒಂದೇ ವಿಷಯಕ್ಕೆ ವಾದವಾಯಿತು. ಹಳೆಯ ಸರ್ವರ್ ಇನ್ನೂ ಸ್ವಲ್ಪ ದಿನ ತೆರೆದಿರಲಿ, ವಿಳಾಸ ಬದಲಿಸಲು ಮರೆತವರ ಕೆಲಸ ನಿಲ್ಲಬಾರದು ಅಂತ ಮಾಲೀಕರು. ಒಳ್ಳೆಯ ಮನಸ್ಸಿನ ಮಾತು. ಆದರೆ ಮರೆತವರು ಅಲ್ಲಿ ಬರೆಯುತ್ತಾ ಹೋದರೆ ಎರಡು ಪುಸ್ತಕ ಆಗುತ್ತವೆ, ಎರಡರಲ್ಲೂ ಅರ್ಧ ಲೆಕ್ಕ. ಅವರ ಕೆಲಸ ನಿಂತರೆ ಅವರೇ ಫೋನ್ ಮಾಡುತ್ತಾರೆ. ನಿಲ್ಲದಿದ್ದರೆ ದೀಪಾವಳಿಗೆ ಲೆಕ್ಕ ಹಾಕುವಾಗ ಗೊತ್ತಾಗುತ್ತದೆ. ಡಂಪ್ ಶುರು ಮಾಡುವ ಮುಂಚೆ ಆ್ಯಪ್‌ನ ಬಳಕೆದಾರನಿಂದ ಬರೆಯುವ ಅಧಿಕಾರ ತೆಗೆದು, ಪೋರ್ಟನ್ನೂ ಹೊರಗಿನಿಂದ ಮುಚ್ಚಿದೆವು. ಎಸ್‌ಎಂಎಸ್ ಕಳಿಸಲು ಗೊತ್ತಾದ ಹೊತ್ತಿಗೆ ತಾವೇ ಓಡುವ ಕ್ರಾನ್ ಕೆಲಸಗಳನ್ನೂ ಹಳೆಯದರಲ್ಲಿ ನಿಲ್ಲಿಸಿದೆವು, ಇಲ್ಲದಿದ್ದರೆ ಒಂದೇ ಸಂದೇಶ ಎರಡೆರಡು ಸಲ ಹೋಗುತ್ತಿತ್ತು.

ಫೋನ್ ಬಂದದ್ದು ಡಂಪ್ ಅರ್ಧವಾಗಿದ್ದಾಗ. "ತೂಕ ಸೇವ್ ಆಗವಲ್ದು ನೋಡ್ರಿ" ಅಂತ ಒಂದು ಜಿನ್ನಿಂಗ್ ಮಿಲ್ಲಿನ ವೇಬ್ರಿಡ್ಜ್ (ಗಾಡಿ ತೂಗುವ ಕಾಟಾ) ಆಪರೇಟರ್. ರಜೆ ಯಾರ್ಡಿಗೆ, ಮಿಲ್ಲಿಗಲ್ಲ. ಮೊದಲ ಹತ್ತಿಯ ಗಾಡಿಗಳು ನೇರ ಅಲ್ಲಿಗೇ ಬರುತ್ತಿದ್ದವು. ಆ ಮಿಲ್ಲಿನ ತೂಕದ ಪ್ರೋಗ್ರಾಂ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಅದರಲ್ಲಿ ಹಳೆಯ ಐಪಿ ವಿಳಾಸ, ಜೊತೆಗೆ ಅಡ್ಮಿನ್ ಪಾಸ್‌ವರ್ಡ್ ಒಳಗೇ ಬರೆದಿತ್ತು. ಅಂದರೆ ಆ್ಯಪ್‌ನ ಅಧಿಕಾರ ತೆಗೆದದ್ದು ಅದಕ್ಕೆ ತಟ್ಟುತ್ತಲೇ ಇರಲಿಲ್ಲ. ಪೋರ್ಟ್ ಮುಚ್ಚಿದ್ದರಿಂದ ಮಾತ್ರ ಸಿಕ್ಕಿಬಿತ್ತು. ಅವತ್ತಿನ ಗಾಡಿಗಳ ತೂಕವನ್ನು ಆಪರೇಟರ್ ವಹಿಯಲ್ಲಿ ಬರೆದಿಟ್ಟರು, ಮರುದಿನ ಹೊಸದರಲ್ಲಿ ಸೇರಿಸಿದರು.

ರಿಸ್ಟೋರ್ ಮುಗಿದ ಮೇಲೆ ಎರಡೂ ಕಡೆ ಡಿಬಿಹ್ಯಾಶ್ ಹೋಲಿಸಿದೆವು. ಬೇಡವೆಂದು ಬಿಟ್ಟದ್ದು ಬಿಟ್ಟು ಎಲ್ಲ ಕಲೆಕ್ಷನ್‌ಗಳೂ ತಾಳೆಯಾದವು. ಅಷ್ಟಕ್ಕೇ ಬಿಡದೆ ಮರುದಿನ ಬೆಳಿಗ್ಗೆ ಯಾರ್ಡಿನ ಕೆಲವು ಅಂಗಡಿಗಳಿಂದ ಕಾಗದದ ತಕ್‌ಪಟ್ಟಿ ತರಿಸಿ, ಅದೇ ಪಟ್ಟಿಯನ್ನು ಹೊಸ ಸರ್ವರ್‌ನಿಂದ ಮುದ್ರಿಸಿ ಪಕ್ಕಪಕ್ಕ ಇಟ್ಟು ನೋಡಿದರು. ಇದು ಮಾಲೀಕರ ಯೋಚನೆ. ಹ್ಯಾಶ್ ನೋಡಿ ಧೈರ್ಯ ಬಂದದ್ದು ನಮಗೆ, ಅಂಗಡಿಯವರಿಗೆ ಧೈರ್ಯ ಬಂದದ್ದು ಕಾಗದ ನೋಡಿ.

ಆಮೇಲೆ

ಈಗ ಆ ಕಂಪನಿ ಯಾವ ಸ್ಥಳಾಂತರಕ್ಕೂ ಮೊದಲು ಹಳೆಯ ಸರ್ವರ್‌ನ ಕಾನ್ಫಿಗ್ ಫೈಲನ್ನು ಹೊಸದಾಗಿ ಹಾಕಿದ ಮಾಂಗೋಡಿಬಿಯ ಫೈಲಿನ ಜೊತೆ ಸಾಲುಸಾಲಾಗಿ ಹೋಲಿಸುತ್ತದೆ. ವ್ಯತ್ಯಾಸ ಇರುವ ಪ್ರತಿ ಸಾಲಿಗೂ ಯಾಕೆ ಅನ್ನುವುದನ್ನು ಪಕ್ಕದಲ್ಲೇ ಬರೆಯುತ್ತಾರೆ. ತಾಳೆಯಾಗದ ಎಣಿಕೆಗಳಿಗೆ ಒಂದು ಹಾಳೆ ಇದೆ. ಅದರಲ್ಲಿ "ಮೇಲಿನಂತೆ" ಅಂತ ಬರೆಯುವಂತಿಲ್ಲ, ಪ್ರತಿಯೊಂದಕ್ಕೂ ಅದರದೇ ಕಾರಣ ಕಂಡುಹಿಡಿದು ಬರೆಯಬೇಕು. ಆ ನಿಯಮ ತಂದದ್ದು ಟೆಸ್ಟಿಂಗ್ ಹುಡುಗಿಯೇ. ಜೊತೆಗೆ, ಡಂಪ್‌ಗೆ ಕೆಲವು ದಿನ ಮುಂಚೆಯೇ ಹಳೆಯ ಸರ್ವರ್‌ಗೆ ಯಾವ ಯಾವ ವಿಳಾಸಗಳಿಂದ ಸಂಪರ್ಕ ಬರುತ್ತಿದೆ ಅಂತ ಲಾಗ್‌ನಿಂದ ಪಟ್ಟಿ ಮಾಡುತ್ತಾರೆ. ವೇಬ್ರಿಡ್ಜ್ ಆ ಪಟ್ಟಿಯಲ್ಲಿ ಸಿಗುತ್ತಿತ್ತು.

ಹಂಗಾಮು ಮುಗಿದ ಮೇಲೆ ಆವೃತ್ತಿ ಏರಿಸುವ ಕೆಲಸ ಶುರುವಾಯಿತು. 4.4ರಿಂದ ನೇರ 7.0ಕ್ಕೆ ಹಾರಲು ಬರುವುದಿಲ್ಲ. 5.0, 6.0, 7.0 ಅಂತ ಒಂದೊಂದೇ ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲೂ ಫೀಚರ್ ಕಂಪ್ಯಾಟಿಬಿಲಿಟಿ ವರ್ಷನ್ (ಯಾವ ಆವೃತ್ತಿಯ ಸೌಲಭ್ಯಗಳು ನಡೆಯಬೇಕು ಅನ್ನುವ ಸೆಟ್ಟಿಂಗ್) ಏರಿಸಿ ಮುಂದೆ ಹೋಗಬೇಕು. 5.0 ತಲುಪಿದರು. 6.0ರ ತಾಲೀಮಿನಲ್ಲಿ ಅದೇ ವೇಬ್ರಿಡ್ಜ್ ಪ್ರೋಗ್ರಾಂ ಮತ್ತೆ ಕೈಕೊಟ್ಟಿತು. ಅದರೊಳಗೆ ಡೇಟಾಬೇಸ್ ಜೊತೆ ಮಾತಾಡುವ ಡ್ರೈವರ್ ಬಹಳ ಹಳೆಯದು, ಅದು ಬಳಸುವ ಹಳೆಯ ಆಪ್‌ಕೋಡ್‌ಗಳನ್ನು (ಸಂದೇಶದ ಸಂಕೇತಗಳು) 5.1ರಿಂದ ತೆಗೆದುಹಾಕಿದ್ದಾರೆ. ಪ್ರೋಗ್ರಾಂ ಬರೆದವರು ಈಗ ಬೆಂಗಳೂರಿನಲ್ಲಿದ್ದಾರೆ, ಸೋರ್ಸ್ ಕೋಡ್ ಅವರ ಹತ್ತಿರವೂ ಇಲ್ಲವಂತೆ. ಮತ್ತೆ ಬರೆಸುವ ಖರ್ಚು ಮಿಲ್ಲಿನದೋ ಕಂಪನಿಯದೋ ಅನ್ನುವ ಮಾತುಕತೆ ನಡೆಯುತ್ತಿದೆ. ಅಲ್ಲಿಯವರೆಗೆ ಡೇಟಾಬೇಸ್ 5.0ರಲ್ಲೇ ಇದೆ.